ಇಳಿಜಾರು ಮುಗಿದ ಮೇಲಿನ ಬಾಗಿಲು

ಸರ್ಕಾರಿ ಕಚೇರಿ, ಬ್ಯಾಂಕು, ಆಸ್ಪತ್ರೆ, ಕಾಲೇಜುಗಳ ಮುಂದೆ ಮೆಟ್ಟಿಲುಗಳ ಪಕ್ಕಕ್ಕೆ ಸಿಮೆಂಟಿನ ಇಳಿಜಾರು ಕಾಣಿಸುವುದು ಈಗ ಅಪರೂಪವಲ್ಲ. ವಿಕಲಚೇತನರಿಗೆ ಅನುಕೂಲ ಕಲ್ಪಿಸಲಾಗಿದೆ ಎಂಬುದಕ್ಕೆ ಸಾಮಾನ್ಯವಾಗಿ ಅದನ್ನೇ ಸಾಕ್ಷಿಯಾಗಿ ತೋರಿಸಲಾಗುತ್ತದೆ. ಆದರೆ ಇಳಿಜಾರನ್ನು ಏರಿ ಬಂದವರಿಗೆ ಎದುರಾಗುವುದು ಬಾಗಿಲು, ಮತ್ತು ಬಾಗಿಲು ಇಳಿಜಾರಿಗಿಂತ ಬಹಳ ಹೆಚ್ಚಿನದನ್ನು ಕೇಳುತ್ತದೆ. ಅದರ ಬಳಿಗೆ ಸರಿಯಬೇಕು, ಹಿಡಿಕೆ ಎಲ್ಲಿದೆಯೆಂದು ಗುರುತಿಸಬೇಕು, ಅದನ್ನು ಹಿಡಿದು ತಿರುಗಿಸಬೇಕು, ಬಾಗಿಲನ್ನು ಎಳೆಯಬೇಕು ಇಲ್ಲವೆ ತಳ್ಳಬೇಕು, ಅದು ಮತ್ತೆ ಮುಚ್ಚಿಕೊಳ್ಳದಂತೆ ತಡೆದುಕೊಂಡೇ ದಾಟಬೇಕು, ದಾಟಿದ ಮೇಲೆ ಮುಚ್ಚಬೇಕು. ಕೈಕಾಲು, ಕಣ್ಣು ಸರಿಯಿರುವವರು ಎರಡು ಕ್ಷಣದಲ್ಲಿ ಮಾಡಿ ಮುಗಿಸಿ, ಮಾಡಿದ್ದನ್ನೇ ಮರೆತುಬಿಡುವ ಈ ಕೆಲಸ ವಾಸ್ತವವಾಗಿ ಆರೇಳು ಕ್ರಿಯೆಗಳ ಸರಣಿಯಾಗಿದ್ದು, ಅದರಲ್ಲಿ ಒಂದು ಕೊಂಡಿ ಕಳಚಿದರೂ ಇಳಿಜಾರಿಗೆ ಸುರಿದ ಕಾಂಕ್ರೀಟು ವ್ಯರ್ಥವಾಗುತ್ತದೆ. ಒಳಗೆ ಕೆಲಸವಿರುವವರು ಹೊರಗೇ ಕುಳಿತು, ಬಾಗಿಲು ತೆರೆಯಲು ಯಾರಾದರೂ ಬರುವರೇ ಎಂದು ಕಾಯಬೇಕಾಗುತ್ತದೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. 2016ರಲ್ಲಿ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆಯು ವೈಕಲ್ಯದ ಬಗೆಗಳನ್ನು 21ಕ್ಕೆ ವಿಸ್ತರಿಸಿತು. ಬಾಗಿಲಿನ ಮುಂದೆ ಇವರೆಲ್ಲರ ಕಷ್ಟ ಒಂದೇ ಅಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಅಗಲ ಬೇಕು, ಊರುಗೋಲು ಹಿಡಿದವರಿಗೆ ಬಿಡುವಿನ ಕೈಯೇ ಇರುವುದಿಲ್ಲ, ದೃಷ್ಟಿಯಿಲ್ಲದವರಿಗೆ ಅರ್ಧ ತೆರೆದ ಬಾಗಿಲಿನ ಅಂಚು ಅಪಾಯಕಾರಿ, ಕಿವಿ ಕೇಳದವರಿಗೆ ಬಾಗಿಲಿನಾಚೆ ಯಾರೋ ಬರುತ್ತಿರುವುದು ತಿಳಿಯುವುದಿಲ್ಲ, ಕುಬ್ಜದೇಹದವರಿಗೆ ಮೇಲಿನ ಚಿಲಕ ಎಟುಕುವುದಿಲ್ಲ. ಯಾವ ಪ್ರಮಾಣಪತ್ರವೂ ಇಲ್ಲದ, ಸಂಧಿವಾತದಿಂದ ಬೆರಳು ಮಡಿಸಲಾಗದ ವೃದ್ಧರನ್ನೂ, ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದ ತಾಯಂದಿರನ್ನೂ ಇವರ ಜೊತೆಗೆ ಸೇರಿಸಿದರೆ, ಹಗುರಾಗಿ ತೆರೆಯುವ ಬಾಗಿಲು ಬೇಕಾಗಿರುವುದು ಯಾರೋ ಕೆಲವರಿಗೆ ಮಾತ್ರ ಎಂಬ ಎಣಿಕೆ ನಿಲ್ಲುವುದಿಲ್ಲ.

ಮೊದಲಿಗೆ ಅಗಲದ ವಿಷಯ. ಭಾರತ ಸರ್ಕಾರದ ನಗರ ವ್ಯವಹಾರಗಳ ಸಚಿವಾಲಯವು 2016ರಲ್ಲಿ ಹೊರತಂದು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳು ಬಾಗಿಲಿನ ನಿವ್ವಳ ಅಗಲ 900 ಮಿಲಿಮೀಟರ್, ಅಂದರೆ ಸುಮಾರು 35.5 ಇಂಚು ಇರಬೇಕೆನ್ನುತ್ತವೆ. ನಿವ್ವಳ ಅಗಲವೆಂದರೆ ಬಾಗಿಲಿನ ಅಗಲವೂ ಅಲ್ಲ, ಚೌಕಟ್ಟಿನ ಅಗಲವೂ ಅಲ್ಲ. ಬಾಗಿಲನ್ನು 90 ಡಿಗ್ರಿಗೆ ತೆರೆದು ನಿಲ್ಲಿಸಿದಾಗ, ಅದರ ಮುಖದಿಂದ ಎದುರಿನ ಚೌಕಟ್ಟಿನವರೆಗೆ ನಿಜವಾಗಿ ಉಳಿಯುವ ಖಾಲಿ ಜಾಗ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಬಡಗಿಯ ಲೆಕ್ಕವನ್ನು ಹತ್ತಿರದಿಂದ ನೋಡಿದಾಗ ತಿಳಿಯುತ್ತದೆ. ಮನೆ ಕಟ್ಟಿಸುವವರು 'ಮೂರಡಿ ಬಾಗಿಲು' ಎಂದು ಹೇಳಿದರೆ, ಅನೇಕ ಕಡೆ ಅದು ಚೌಕಟ್ಟಿನ ಹೊರ ಅಳತೆ, 36 ಇಂಚು. ಎರಡೂ ಬದಿಯ ನಿಲುವುಪಟ್ಟಿಗಳು ತಲಾ 3 ಇಂಚು ದಪ್ಪವಿದ್ದರೆ ಒಳಗೆ ಉಳಿಯುವುದು 30 ಇಂಚು. ತೆರೆದ ಬಾಗಿಲಿನ ದಪ್ಪ ಆ ಜಾಗದೊಳಕ್ಕೆ ಇನ್ನೂ ಮುಕ್ಕಾಲು ಇಂಚಿನಷ್ಟು ಚಾಚಿಕೊಳ್ಳುವುದರಿಂದ ಕೊನೆಗೆ ಸಿಗುವುದು 29 ಇಂಚು ಚಿಲ್ಲರೆ. ವಯಸ್ಕರ ಸಾಮಾನ್ಯ ಗಾಲಿಕುರ್ಚಿಯ ಅಗಲವೇ 25ರಿಂದ 27 ಇಂಚು. ಅದನ್ನು ಸ್ವತಃ ನಡೆಸುವವರ ಬೆರಳ ಗೆಣ್ಣುಗಳು ಚಕ್ರದ ಹೊರಬದಿಯ ಬಳೆಯನ್ನು ಹಿಡಿದಿರುತ್ತವೆ. ಚೌಕಟ್ಟಿಗೆ ತಾಗಿ ಗೆಣ್ಣು ತರಚಿಕೊಳ್ಳುವುದು ಗಾಲಿಕುರ್ಚಿ ಬಳಸುವವರ ಪಾಲಿಗೆ ದಿನನಿತ್ಯದ ಅನುಭವವಾಗಿರುವುದು ಇದೇ ಕಾರಣಕ್ಕೆ. ಇದೇ ಲೆಕ್ಕವನ್ನು ಬಚ್ಚಲುಮನೆಯ ಎರಡೂವರೆ ಅಡಿ ಬಾಗಿಲಿಗೆ ಅನ್ವಯಿಸಿದರೆ ಉಳಿಯುವುದು 23 ಇಂಚು, ಅಂದರೆ ಗಾಲಿಕುರ್ಚಿ ಅಲ್ಲಿ ಹೋಗುವುದೇ ಇಲ್ಲ. ಮನೆಯಲ್ಲಿ ಪಾರ್ಶ್ವವಾಯು ಬಡಿದವರಿಗೆ ಅತ್ಯಂತ ಅಗತ್ಯವಾದ ಕೋಣೆಗೆ ಮನೆಯಲ್ಲೇ ಅತ್ಯಂತ ಕಿರಿದಾದ ಬಾಗಿಲು ಇಡುವ ಈ ರೂಢಿಯನ್ನು ಕಟ್ಟಡ ವಿನ್ಯಾಸಕಾರರು ಇಷ್ಟು ದಿನ ಪ್ರಶ್ನಿಸದೆ ಬಿಟ್ಟಿರುವುದು ಆಶ್ಚರ್ಯದ ಸಂಗತಿ.

900 ಮಿಲಿಮೀಟರ್ ನಿವ್ವಳ ಅಗಲ ಸಿಗಬೇಕಾದರೆ ಚೌಕಟ್ಟಿನ ಹೊರ ಅಳತೆ ಮೂರೂವರೆ ಅಡಿಯನ್ನು ಮುಟ್ಟಬೇಕು. ಗೋಡೆ ಏಳುವ ಮೊದಲೇ ಇದನ್ನು ನಿರ್ಧರಿಸಿದರೆ ಹೆಚ್ಚಿನ ಖರ್ಚು ಒಂದಿಷ್ಟು ಮರದ್ದು ಮಾತ್ರ. ಗೋಡೆ ಎದ್ದ ಮೇಲೆ ಮಾಡಹೊರಟರೆ ಗೋಡೆ ಒಡೆದು, ಬಾಗಿಲಿನ ಮೇಲಿನ ಭಾರ ಹೊರುವ ಲಿಂಟಲ್ ತೊಲೆಯನ್ನೂ ಬದಲಿಸಿ, ಗಾರೆ, ಟೈಲ್ಸುಗಳನ್ನು ಹೊಸದಾಗಿ ಹಾಕಬೇಕಾಗುತ್ತದೆ. ಜೋಡಿ ಬಾಗಿಲುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ನಾಲ್ಕಡಿಯ ಹೆಬ್ಬಾಗಿಲು ನೋಡಲು ವಿಶಾಲವಾಗಿ ಕಂಡರೂ, ಒಂದು ಕದಕ್ಕೆ ಮೇಲೂ ಕೆಳಗೂ ಬೋಲ್ಟು ಹಾಕಿ ನಿಲ್ಲಿಸಿ, ಇನ್ನೊಂದನ್ನು ಮಾತ್ರ ಬಳಸುವುದು ವಾಡಿಕೆಯಾದ್ದರಿಂದ ದಾಟಲು ಸಿಗುವುದು ಎರಡಡಿಗೂ ಕಡಿಮೆ. ಆದ್ದರಿಂದಲೇ ಜೋಡಿ ಬಾಗಿಲುಗಳಲ್ಲಿ ಕನಿಷ್ಠ ಒಂದು ಕದವಾದರೂ ತಾನೊಂದೇ ಪೂರ್ಣ ಅಗಲವನ್ನು ಕೊಡುವಂತಿರಬೇಕೆಂದು ಮಾನದಂಡಗಳು ವಿಧಿಸುತ್ತವೆ.

ಅಗಲವಿದ್ದರೂ ಬಾಗಿಲಿನ ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಪ್ರಯೋಜನವಿಲ್ಲ ಎಂಬುದು ಅಷ್ಟಾಗಿ ಹೊಳೆಯದ ಸಂಗತಿ. ತಮ್ಮ ಕಡೆಗೆ ಎಳೆದು ತೆರೆಯಬೇಕಾದ ಬಾಗಿಲಿನ ಮುಂದೆ ಗಾಲಿಕುರ್ಚಿಯವರು ನೇರವಾಗಿ ಬಂದು ನಿಂತರೆ, ಅವರ ಮೊಣಕಾಲು ಮತ್ತು ಪಾದ ಊರುವ ತಟ್ಟೆಗಳೇ ಬಾಗಿಲು ಬರುವ ದಾರಿಗೆ ಅಡ್ಡವಾಗುತ್ತವೆ. ಅವರು ಚಿಲಕವಿರುವ ಬದಿಗೆ ಸರಿದು ನಿಂತು, ಬಾಗಿಲು ತಮ್ಮ ಪಕ್ಕದಿಂದ ತೂಗಿ ಹೋಗುವಂತೆ ಎಳೆದುಕೊಂಡರಷ್ಟೇ ಅದು ಪೂರ್ತಿ ತೆರೆಯುತ್ತದೆ. ಇದಕ್ಕಾಗಿ ಅಮೆರಿಕದ ಮಾನದಂಡವು ಎಳೆಯುವ ಬದಿಯಲ್ಲಿ ಚಿಲಕದ ಅಂಚಿನಿಂದಾಚೆಗೆ ಕನಿಷ್ಠ 18 ಇಂಚು ಖಾಲಿ ಗೋಡೆ ಇರಬೇಕೆನ್ನುತ್ತದೆ. ಭಾರತದ ಮಾರ್ಗಸೂಚಿ ಇನ್ನೂ ಉದಾರವಾಗಿ 600 ಮಿಲಿಮೀಟರ್ ಕೇಳುತ್ತದೆ. ಆ ಖಾಲಿ ಜಾಗವೇ ಕಚೇರಿಗಳಲ್ಲಿ ಕುಡಿಯುವ ನೀರಿನ ಕ್ಯಾನು, ಹೂಕುಂಡ, ಕಡತದ ಬೀರುಗಳಿಗೆ ತಾಣವಾಗಿಬಿಡುತ್ತದೆ. ನಕ್ಷೆಯಲ್ಲಿ ಸರಿಯಾಗಿದ್ದ ಬಾಗಿಲು ಬಳಕೆಯಲ್ಲಿ ಕೆಡುವುದು ಹೆಚ್ಚಾಗಿ ಹೀಗೆ.

ಹೊಸ್ತಿಲಿನ ಪ್ರಶ್ನೆ ಕರ್ನಾಟಕದ ಮನೆಗಳಲ್ಲಿ ಸೂಕ್ಷ್ಮವಾದುದು. ಅರಿಶಿನ ಕುಂಕುಮವಿಟ್ಟು, ರಂಗೋಲಿ ಎಳೆದು, ಹಬ್ಬಕ್ಕೆ ಹೂವೇರಿಸಿ ಪೂಜಿಸುವ ಹೊಸ್ತಿಲು ಮರದ ತುಂಡಷ್ಟೇ ಅಲ್ಲ, ಮನೆಯ ಮರ್ಯಾದೆಯ ಗುರುತು. ಅದು ಎತ್ತರವಾಗಿದ್ದುದಕ್ಕೆ ಮಳೆನೀರು, ಧೂಳು, ಹುಳುಹುಪ್ಪಟೆಗಳನ್ನು ತಡೆಯುವ ಉದ್ದೇಶವೂ, ಚೌಕಟ್ಟು ಅಲುಗದಂತೆ ಬಿಗಿಯುವ ಉಪಯೋಗವೂ ಇದ್ದವು. ಆದರೆ ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿಗಳಿಗೆ ಒಂದು ಇಂಚಿನ ತಡೆಯೂ ದೊಡ್ಡದು. ವೇಗವಾಗಿ ಬಂದು ಗಾಲಿ ತಡೆದರೆ ಕುಳಿತವರು ಮುಂದಕ್ಕೆ ಮುಗ್ಗರಿಸುವ ಅಪಾಯವಿರುತ್ತದೆ. ಕಾಲು ಎಳೆದುಕೊಂಡು ನಡೆಯುವವರು ಎಡವುವುದೂ ಇಲ್ಲೇ. ಸಾಧ್ಯವಾದಷ್ಟೂ ಹೊಸ್ತಿಲು ನೆಲಕ್ಕೆ ಸಮನಾಗಿರಬೇಕು, ಅನಿವಾರ್ಯವಾದರೆ 12 ಮಿಲಿಮೀಟರ್ ಮೀರದೆ, ಅಂಚು ಇಳಿಜಾರಾಗಿ ಕೆತ್ತಿರಬೇಕು ಎಂಬುದು ಒಪ್ಪಿತ ನಿಯಮ. ಪೂಜೆಗೆ ಎತ್ತರ ಮುಖ್ಯವಲ್ಲ. ನೆಲದ ಮಟ್ಟಕ್ಕೇ ಕೂಡಿಸಿದ ಕಲ್ಲು ಅಥವಾ ಮರದ ಪಟ್ಟಿಗೂ ಅರಿಶಿನ ಕುಂಕುಮ ಹಚ್ಚಬಹುದು. ಹಳೆಯ ಮನೆಗಳಲ್ಲಿ ಹೊಸ್ತಿಲನ್ನು ಕೀಳಲು ಮನಸ್ಸಿಲ್ಲದವರು ಅದರ ಎರಡೂ ಬದಿಗೆ ಬೆಣೆಯಾಕಾರದ ಮರದ ಅಥವಾ ರಬ್ಬರಿನ ತುಂಡುಗಳನ್ನು ಇಡಬಹುದು. ಆದರೆ ಬೆಣೆಯ ಉದ್ದವನ್ನು ಎತ್ತರಕ್ಕೆ ತಕ್ಕಂತೆ ಸಾಕಷ್ಟು ಇಡದಿದ್ದರೆ ಅದು ಮತ್ತೊಂದು ಎಡವುಗಲ್ಲಾಗುತ್ತದೆ.

ಹಿಡಿಕೆಯ ವಿಷಯದಲ್ಲಿ ಹಲವು ದೇಶಗಳ ಮಾನದಂಡಗಳು ಒಂದು ಸರಳ ತತ್ತ್ವವನ್ನು ಒಪ್ಪಿವೆ. ಹಿಡಿಕೆಯನ್ನು ಒಂದೇ ಕೈಯಿಂದ, ಬಿಗಿಯಾಗಿ ಹಿಡಿಯದೆ, ಚಿವುಟದೆ, ಮಣಿಕಟ್ಟನ್ನು ತಿರುಚದೆ ಬಳಸುವಂತಿರಬೇಕು. ಉರುಟಾದ ನಾಬ್ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಏಕೆಂದರೆ ಅದನ್ನು ಐದೂ ಬೆರಳುಗಳಿಂದ ಅಮುಕಿ ತಿರುಗಿಸದೆ ಬೇರೆ ದಾರಿಯಿಲ್ಲ. ಅಡ್ಡಲಾಗಿ ಚಾಚಿದ ಲಿವರ್ ಹಿಡಿಕೆಯನ್ನಾದರೋ ಅಂಗೈ, ಮುಷ್ಟಿ, ಮೊಣಕೈ ಯಾವುದರಿಂದ ಒತ್ತಿದರೂ ಸಾಕು. ಬೆರಳುಗಳನ್ನು ಕಳೆದುಕೊಂಡವರೂ, ಕೈಗೆ ಪಟ್ಟಿ ಕಟ್ಟಿಕೊಂಡವರೂ, ಎರಡು ಕೈಯಲ್ಲೂ ತಟ್ಟೆ ಹಿಡಿದವರೂ ಅದನ್ನು ತೆರೆಯಬಲ್ಲರು. ಲಿವರಿನ ತುದಿ ಬಾಗಿಲಿನ ಕಡೆಗೆ ಬಾಗಿದ್ದರೆ ಸೀರೆಯ ಸೆರಗು, ಚೀಲದ ಪಟ್ಟಿ ಸಿಕ್ಕಿಕೊಳ್ಳುವುದಿಲ್ಲ. ನೆಲದಿಂದ 34 ರಿಂದ 48 ಇಂಚು ಎತ್ತರದೊಳಗೆ ಹಿಡಿಕೆ ಇರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಕರ್ನಾಟಕದ ಮನೆ, ಶಾಲೆಗಳಲ್ಲಿ ಬಾಗಿಲಿನ ನೆತ್ತಿಯಲ್ಲಿರುವ ಚಿಲಕಕ್ಕೆ ಕುಳಿತವರ ಕೈ ಎಟುಕುವುದಿಲ್ಲ, ಬುಡದಲ್ಲಿರುವ ಬೋಲ್ಟಿಗೆ ಬಗ್ಗಲಾಗದವರ ಕೈ ಎಟುಕುವುದಿಲ್ಲ. ಚಿಲಕವನ್ನು ನಡುವಿನ ಎತ್ತರಕ್ಕೆ ತರುವುದು ಒಬ್ಬ ಬಡಗಿಯ ಒಂದು ಗಂಟೆಯ ಕೆಲಸ.

ಇವೆಲ್ಲಕ್ಕಿಂತ ಹೆಚ್ಚು ಗಮನಕ್ಕೆ ಬಾರದಿರುವುದು ಬಾಗಿಲಿನ ಬಿಗಿ. ಹವಾನಿಯಂತ್ರಿತ ಬ್ಯಾಂಕು, ಎಟಿಎಂ, ಕ್ಲಿನಿಕ್ಕುಗಳ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಲೆಂದು ಮೇಲ್ಭಾಗದಲ್ಲಿ ಡೋರ್ ಕ್ಲೋಸರ್, ಇಲ್ಲವೆ ಗಾಜಿನ ಬಾಗಿಲಾದರೆ ನೆಲದಲ್ಲಿ ಹುದುಗಿಸಿದ ಫ್ಲೋರ್ ಸ್ಪ್ರಿಂಗ್ ಎಂಬ ಸಾಧನ ಇರುತ್ತದೆ. ಅದರ ಒಳಗೆ ಒಂದು ಸ್ಪ್ರಿಂಗೂ ಎಣ್ಣೆ ತುಂಬಿದ ಕೊಳವೆಯೂ ಇವೆ. ಬಾಗಿಲನ್ನು ತೆರೆಯುವಾಗ ತೆರೆಯುವವರ ಶಕ್ತಿಯೇ ಸ್ಪ್ರಿಂಗನ್ನು ಅದುಮಿಡುತ್ತದೆ. ಕೈಬಿಟ್ಟಾಗ ಸ್ಪ್ರಿಂಗ್ ಹಿಗ್ಗುತ್ತಾ ಬಾಗಿಲನ್ನು ಮುಚ್ಚುತ್ತದೆ, ಆದರೆ ಎಣ್ಣೆಯು ಸಣ್ಣ ರಂಧ್ರಗಳ ಮೂಲಕವೇ ಹಾಯಬೇಕಾದ್ದರಿಂದ ಬಾಗಿಲು ಧಡಾರನೆ ಬಡಿಯದೆ ನಿಧಾನವಾಗಿ ಬರುತ್ತದೆ. ಬಾಗಿಲು ಮುಚ್ಚುವುದಕ್ಕೆ ಬೇಕಾದ ಬಲವನ್ನೆಲ್ಲ ತೆರೆಯುವವರೇ ಮುಂಗಡವಾಗಿ ಕೊಡಬೇಕು ಎಂಬುದು ಇಲ್ಲಿನ ಮುಖ್ಯ ಅಂಶ. ಅದಕ್ಕಾಗಿಯೇ ಅಮೆರಿಕದ ಮಾನದಂಡವು ಒಳಬಾಗಿಲುಗಳನ್ನು ತೆರೆಯಲು 5 ಪೌಂಡಿಗಿಂತ, ಅಂದರೆ ಸುಮಾರು 2.27 ಕಿಲೋ ತೂಕವನ್ನು ಎತ್ತುವುದಕ್ಕಿಂತ ಹೆಚ್ಚು ಬಲ ಬೇಕಾಗಬಾರದೆಂದು ಗೊತ್ತುಪಡಿಸಿದೆ. ಜೊತೆಗೆ, 90 ಡಿಗ್ರಿ ತೆರೆದ ಬಾಗಿಲು ಚೌಕಟ್ಟಿಗೆ 12 ಡಿಗ್ರಿಯಷ್ಟು ಸಮೀಪಕ್ಕೆ ಬರಲು ಕನಿಷ್ಠ 5 ಸೆಕೆಂಡು ತೆಗೆದುಕೊಳ್ಳಬೇಕು. ಐದು ಸೆಕೆಂಡು ಹೇಳಲು ಚಿಕ್ಕದು. ಊರುಗೋಲುಗಳನ್ನು ಒಂದೊಂದಾಗಿ ಮುಂದಿಟ್ಟು ಹೊಸ್ತಿಲು ದಾಟುವವರಿಗೆ ಹಿಂದಿನಿಂದ ಬಾಗಿಲು ಬಂದು ಬಡಿಯುವುದಕ್ಕೂ ಬಡಿಯದಿರುವುದಕ್ಕೂ ಇರುವ ಅಂತರ ಅಷ್ಟೇ.

ಈ ಬಲವನ್ನು ಅಳೆಯಲು ದೊಡ್ಡ ಉಪಕರಣವೇನೂ ಬೇಡ. ಅಂಗಡಿಗಳಲ್ಲಿ ಸಿಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಹಿಡಿಕೆಗೆ ಸಿಕ್ಕಿಸಿ, ಚಿಲಕ ಬಿಡಿಸಿದ ಬಾಗಿಲನ್ನು ಮೆಲ್ಲಗೆ ಎಳೆದರೆ ಮುಳ್ಳು ಎಷ್ಟು ಕಿಲೋ ತೋರಿಸುತ್ತದೆಂಬುದೇ ಉತ್ತರ. ಡೋರ್ ಕ್ಲೋಸರಿನ ಬದಿಯಲ್ಲಿ ಸಾಮಾನ್ಯವಾಗಿ ಎರಡು ತಿರುಪುಗಳಿದ್ದು, ಒಂದು ಬಾಗಿಲು ಮುಚ್ಚುವ ಒಟ್ಟು ವೇಗವನ್ನೂ ಇನ್ನೊಂದು ಕೊನೆಯ ಕೆಲವು ಇಂಚುಗಳ ವೇಗವನ್ನೂ ನಿಯಂತ್ರಿಸುತ್ತವೆ. ಸ್ಪ್ರಿಂಗಿನ ಬಿಗಿಯನ್ನು ಹೊಂದಿಸುವ ಸೌಲಭ್ಯವೂ ಹಲವು ಮಾದರಿಗಳಲ್ಲಿದೆ. ತಣ್ಣನೆಯ ಗಾಳಿ ಹೊರಹೋಗದಿರಲೆಂದು ಇವನ್ನು ಬಿಗಿ ಮಾಡಿಸಿ ಹಾಗೆಯೇ ಬಿಡುವುದರಿಂದ ಎಷ್ಟೋ ಬಾಗಿಲುಗಳು ವೃದ್ಧರಿಗೆ ಜಗ್ಗದಂತಾಗಿವೆ. ಒಂದು ಸ್ಕ್ರೂಡ್ರೈವರಿನಿಂದ ಹತ್ತು ನಿಮಿಷದಲ್ಲಿ, ಕಾಸಿನ ಖರ್ಚಿಲ್ಲದೆ ಆಗುವ ಈ ಸುಧಾರಣೆಯನ್ನು ಯಾವ ಕಟ್ಟಡವೂ ಮುಂದೂಡಲು ಕಾರಣವಿಲ್ಲ.

ಬೆಂಕಿತಡೆ ಬಾಗಿಲುಗಳದ್ದು ಬೇರೆಯೇ ಸಮಸ್ಯೆ. ಬೆಂಕಿ, ಹೊಗೆಗಳನ್ನು ಒಂದು ಭಾಗಕ್ಕೆ ಸೀಮಿತಗೊಳಿಸಲು ಅವು ಭಾರವಾಗಿದ್ದು ಗಟ್ಟಿಯಾಗಿ ಮುಚ್ಚಿಕೊಳ್ಳಲೇಬೇಕಾದ್ದರಿಂದ 5 ಪೌಂಡಿನ ಮಿತಿ ಅವಕ್ಕಿಲ್ಲ. ವಿದ್ಯುತ್ ಕಾಂತದಿಂದ ಅವನ್ನು ಸದಾ ತೆರೆದಿಟ್ಟು, ಬೆಂಕಿಯ ಎಚ್ಚರಿಕೆ ಗಂಟೆ ಮೊಳಗಿದಾಗ ಕಾಂತ ಬಿಟ್ಟುಕೊಟ್ಟು ತಾವಾಗಿ ಮುಚ್ಚುವಂತೆ ಮಾಡುವುದು ಆಸ್ಪತ್ರೆಗಳಲ್ಲಿ ಕಂಡುಕೊಂಡ ಒಳ್ಳೆಯ ಪರಿಹಾರ. ಬಾಗಿಲು ತೆರೆದಿರಲೆಂದು ಇಟ್ಟಿಗೆ ಇಡುವುದು ಅದಕ್ಕೆ ಬದಲಿಯಲ್ಲ. ಬೆಂಕಿ ಬಿದ್ದಾಗ ಇಟ್ಟಿಗೆ ತಾನಾಗಿ ಸರಿಯದು.

ಕಣ್ಣಿನ ತೊಂದರೆಯಿರುವವರ ದೃಷ್ಟಿಯಿಂದ ನೋಡಿದಾಗ ಪ್ರಶ್ನೆಗಳೇ ಬದಲಾಗುತ್ತವೆ. ಗೋಡೆಯ ಬಣ್ಣದಲ್ಲೇ ಇರುವ ಬಾಗಿಲು, ಬಾಗಿಲಿನ ಬಣ್ಣದಲ್ಲೇ ಇರುವ ಹಿಡಿಕೆ ಮಂದದೃಷ್ಟಿಯವರಿಗೆ ಕಾಣುವುದಿಲ್ಲ. ಚೌಕಟ್ಟಿಗಾದರೂ ಎದ್ದು ಕಾಣುವ ಬಣ್ಣ ಬಳಿದರೆ ಅರ್ಧ ಸಮಸ್ಯೆ ತೀರುತ್ತದೆ. ಪೂರ್ತಿ ಗಾಜಿನ ಬಾಗಿಲಿಗೆ ಕಣ್ಣಿನ ಮಟ್ಟದಲ್ಲಿ ಗಾಢ ಬಣ್ಣದ ಪಟ್ಟಿ ಅಂಟಿಸದಿದ್ದರೆ ಚೆನ್ನಾಗಿ ಕಾಣುವವರೂ ಹಣೆ ಬಡಿಸಿಕೊಳ್ಳುತ್ತಾರೆ. ಕೋಣೆಯ ಹೆಸರನ್ನು ಬ್ರೈಲ್ ಲಿಪಿಯಲ್ಲೂ ಉಬ್ಬಕ್ಷರಗಳಲ್ಲೂ ಬರೆದ ಫಲಕವನ್ನು ಬಾಗಿಲಿನ ಮೇಲಲ್ಲ, ಚಿಲಕದ ಬದಿಯ ಗೋಡೆಯ ಮೇಲೆ ಹಾಕಬೇಕು. ಬಾಗಿಲಿನ ಮೇಲೆ ಬೆರಳಾಡಿಸಿ ಓದುತ್ತಿರುವಾಗ ಒಳಗಿನವರು ಅದನ್ನು ತಟ್ಟನೆ ತೆರೆದರೆ ಓದುವವರ ಮುಖಕ್ಕೇ ಬಡಿಯುತ್ತದೆ. ಬಾಗಿಲಿನಲ್ಲಿ ಕುಳಿತವರ ಕಣ್ಣಿಗೂ ನಿಲುಕುವಂತೆ ತಗ್ಗಿನಿಂದಲೇ ಶುರುವಾಗುವ ಗಾಜಿನ ಕಿಂಡಿಯಿದ್ದರೆ ಆಚೆ ಬದಿಯವರು ಕಾಣುತ್ತಾರೆ, ಕಿವಿ ಕೇಳದವರಿಗೂ ಅದರಿಂದ ಉಪಕಾರ.

ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೆ ಪಕ್ಕಕ್ಕೆ ಸರಿಯಬೇಕು. ಒಳಗೆ ಬಿದ್ದವರ ದೇಹವೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗಿ, ನೆರವಿಗೆ ಬಂದವರು ಒಳಹೋಗಲಾರದಂತಾಗುತ್ತದೆ. ಹೊರಕ್ಕೆ ತೆರೆದ ಬಾಗಿಲನ್ನು ಒಳಗೆ ಹೋದ ಮೇಲೆ ಎಳೆದುಕೊಳ್ಳಲು ಒಳಮುಖಕ್ಕೆ ಅಡ್ಡಲಾಗಿ ಉದ್ದನೆಯ ಹಿಡಿಕಂಬಿ ಬೇಕು, ಚಿಲಕ ತುರ್ತಿನಲ್ಲಿ ಹೊರಗಿನಿಂದಲೂ ಬಿಡಿಸುವಂತಿರಬೇಕು.

ತಾವಾಗಿ ತೆರೆಯುವ ಬಾಗಿಲುಗಳು ವಿಕಲಚೇತನರಿಗಾಗಿ ಹುಟ್ಟಿದವಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿ ಎಂಬ ಗಾಳಿಯೂರಿನಲ್ಲಿ ಬೀಸುಬಾಗಿಲುಗಳು ನಿಲ್ಲದೆ ಹೊಡೆದುಕೊಳ್ಳುತ್ತಿದ್ದುದನ್ನು ಕಂಡು ಡೀ ಹಾರ್ಟನ್ ಮತ್ತು ಲ್ಯೂ ಹ್ಯೂವಿಟ್ 1954ರಲ್ಲಿ ಸ್ವಯಂಚಾಲಿತ ಸರಿಬಾಗಿಲಿನ ಕಲ್ಪನೆ ಮಾಡಿದರು. ಅದು ಇಂದು ಗಾಲಿಕುರ್ಚಿಯವರಿಗೆ ಎಲ್ಲಕ್ಕಿಂತ ನಿರಾಯಾಸವಾದ ಬಾಗಿಲಾಗಿದೆ. ಇದಕ್ಕೆ ತದ್ವಿರುದ್ಧವಾಗಿ, ಥಿಯೋಫಿಲಸ್ ವಾನ್ ಕ್ಯಾನೆಲ್ 1888ರಲ್ಲಿ ಪೇಟೆಂಟ್ ಪಡೆದ ಸುತ್ತುಬಾಗಿಲು ಗಾಳಿ, ಧೂಳು ತಡೆಯುವುದರಲ್ಲಿ ಗೆದ್ದರೂ ಗಾಲಿಕುರ್ಚಿ, ಊರುಗೋಲು, ಬಿಳಿಕೋಲುಗಳನ್ನು ಹೊರಗಿಟ್ಟಿತು. ಅಂಥದ್ದು ಇರುವಲ್ಲೆಲ್ಲ ಪಕ್ಕದಲ್ಲಿ ಸಾಮಾನ್ಯ ಬಾಗಿಲೊಂದು ಇರಲೇಬೇಕು. ಸ್ವಯಂಚಾಲಿತ ಬಾಗಿಲಿಗೂ ಷರತ್ತುಗಳಿವೆ. ಅದರ ಸಂವೇದಕ ತಗ್ಗಿನಲ್ಲಿ ಕುಳಿತವರನ್ನೂ ಗುರುತಿಸಬೇಕು, ಕರೆಂಟು ಹೋದಾಗ ಕೈಯಿಂದ ಸುಲಭವಾಗಿ ಸರಿಸುವಂತಿರಬೇಕು.

ಎಲ್ಲರಿಗೂ ಒಂದೇ ಬಾಗಿಲು ಸಲ್ಲಬೇಕೆಂಬ ಚಿಂತನೆಗೆ ಸಾರ್ವತ್ರಿಕ ವಿನ್ಯಾಸ ಎಂಬ ಹೆಸರು ಕೊಟ್ಟವರು ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೊಗೆ ತುತ್ತಾಗಿ ಗಾಲಿಕುರ್ಚಿ ಹಿಡಿದ ಅವರು, ತಮ್ಮ ನಾರ್ತ್ ಕ್ಯಾರೊಲೈನಾ ರಾಜ್ಯದ ಕಟ್ಟಡ ನಿಯಮಗಳಲ್ಲಿ ಇಂಥ ಅಂಶಗಳು ಸೇರುವಂತೆ 1970ರ ದಶಕದಲ್ಲೇ ದುಡಿದರು. ವಿಕಲಚೇತನರಿಗೆಂದು ಹಿಂಬದಿಯಲ್ಲಿ ಬೇರೆ ಬಾಗಿಲು ಮಾಡುವುದಲ್ಲ, ಮುಂಬಾಗಿಲೇ ಎಲ್ಲರದಾಗುವಂತೆ ಮೊದಲೇ ಯೋಚಿಸಬೇಕು ಎಂಬುದು ಆ ಚಿಂತನೆಯ ತಿರುಳು. ಸರಕು ಸಾಗಿಸುವ ಹಿಂಬಾಗಿಲಿನಿಂದ, ಕಸದ ಡಬ್ಬಿಗಳ ನಡುವೆ ಕರೆದೊಯ್ಯುವುದನ್ನು ಅನುಕೂಲ ಎನ್ನಲಾಗದು, ಅದು ಅವಮಾನ.

ಭಾರತದಲ್ಲಿ ಕಾನೂನಿನ ಕೊರತೆಯಿಲ್ಲ. ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆಯ ನಂತರ, 2007ರಲ್ಲಿ ದೇಶವು ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. 2016ರ ಕಾಯ್ದೆಯ 44ನೆಯ ಕಲಮಿನ ಪ್ರಕಾರ, ಸುಗಮ್ಯತೆಯ ನಿಯಮಗಳನ್ನು ಪಾಲಿಸದ ನಕ್ಷೆಗೆ ಕಟ್ಟಡ ಪರವಾನಗಿಯನ್ನಾಗಲಿ, ಕಟ್ಟಿದ ಮೇಲೆ ಪೂರ್ಣತಾ ಪ್ರಮಾಣಪತ್ರವನ್ನಾಗಲಿ ಕೊಡುವಂತಿಲ್ಲ. ಸುಗಮ್ಯತೆ ಎಂದರೆ ಯಾರ ನೆರವೂ ಇಲ್ಲದೆ ತಲುಪಿ ಬಳಸಲು ಸಾಧ್ಯವಾಗುವ ಗುಣ. ಹಳೆಯ ಸಾರ್ವಜನಿಕ ಕಟ್ಟಡಗಳಿಗೆ 45ನೆಯ ಕಲಮು ಕೊಟ್ಟ ಐದು ವರ್ಷಗಳ ಗಡುವು, 2017ರ ಜೂನ್‌ನಲ್ಲಿ ನಿಯಮಗಳು ಪ್ರಕಟವಾದ ದಿನದಿಂದ ಎಣಿಸಿದರೆ 2022ರಲ್ಲೇ ತೀರಿತು. ತೊಡಕಿದ್ದುದು ನಿಯಮಗಳಲ್ಲೇ. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ನೀಡಿದ ತೀರ್ಪಿನಲ್ಲಿ, ಕಾಯ್ದೆಯು ಕಡ್ಡಾಯವೆಂದಿರುವುದನ್ನು 15(1)ನೆಯ ನಿಯಮವು ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದೆಯೆಂದು ಹೇಳಿ, ಆ ನಿಯಮ ಕಾಯ್ದೆಯ ವ್ಯಾಪ್ತಿಯನ್ನು ಮೀರಿದ್ದೆಂದು ಸಾರಿತು. ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ಮಾನದಂಡಗಳನ್ನು ಮೂರು ತಿಂಗಳಲ್ಲಿ ಬೇರ್ಪಡಿಸಿ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಅದುವರೆಗೆ 900 ಮಿಲಿಮೀಟರ್ ಎಂಬುದು ಎಷ್ಟೋ ಕಟ್ಟಡಗಳ ಪಾಲಿಗೆ ಪಾಲಿಸಿದರೆ ಒಳ್ಳೆಯದು ಎಂಬ ಸಲಹೆಯಾಗಿಯೇ ಉಳಿದಿತ್ತು.

ಹಳೆಯ ಕಟ್ಟಡಗಳಲ್ಲಿ ಗೋಡೆ ಒಡೆಯದೆಯೂ ಮಾಡಬಹುದಾದದ್ದು ಸಾಕಷ್ಟಿದೆ. ತೆರೆದ ಬಾಗಿಲನ್ನು ಪೂರ್ತಿಯಾಗಿ ದಾರಿಯಿಂದಾಚೆ ಸರಿಸುವ ವಿಶೇಷ ಕೀಲುಗಳನ್ನು ಹಾಕಿದರೆ ಬಾಗಿಲಿನ ದಪ್ಪ ನುಂಗಿದ್ದ ಜಾಗ ಮರಳಿ ಸಿಗುತ್ತದೆ. ಕಿರಿದಾದ ಬಾಗಿಲಿನಲ್ಲಿ ಆ ಮುಕ್ಕಾಲು ಇಂಚೇ ಗಾಲಿಕುರ್ಚಿ ಹಾಯುವುದನ್ನು ನಿರ್ಧರಿಸಬಹುದು. ಅಗತ್ಯವೇ ಇಲ್ಲದ ಒಳಬಾಗಿಲುಗಳನ್ನು ಕಳಚಿಬಿಡಬಹುದು. ವಿಮಾನ ನಿಲ್ದಾಣಗಳ ಶೌಚಾಲಯಗಳಲ್ಲಿ ಮರೆಗೋಡೆಯ ತಿರುವಿನಿಂದಲೇ ಒಳಹೋಗುವಂತೆ ಮಾಡಿರುವುದು ಬಾಗಿಲಿಲ್ಲದೆಯೂ ಮರೆ ಸಾಧ್ಯವೆಂಬುದಕ್ಕೆ ಉದಾಹರಣೆ. ತಪಾಸಣೆಗೆ ಬರುವವರು ಇಳಿಜಾರು ಇದೆಯೇ ಎಂಬ ಒಂದೇ ಪ್ರಶ್ನೆಗೆ ಗುರುತು ಹಾಕಿ ಹೊರಡದೆ, ಬಾಗಿಲು ತೆರೆದು ಟೇಪು ಹಿಡಿದು, ಹಿಡಿಕೆಗೆ ತಕ್ಕಡಿ ಸಿಕ್ಕಿಸಿ, ಮುಚ್ಚುವ ಸೆಕೆಂಡುಗಳನ್ನು ಎಣಿಸಿ ಬರೆದುಕೊಳ್ಳಬೇಕು. ಗಾಲಿಕುರ್ಚಿ ಬಳಸುವವರೊಬ್ಬರನ್ನೂ ಬಿಳಿಕೋಲು ಬಳಸುವವರೊಬ್ಬರನ್ನೂ ಜೊತೆಗೆ ಕರೆದೊಯ್ದು, ಅವರು ಯಾರ ಕೈಯೂ ಸೋಕದೆ ಒಳಹೋಗಿ ಹೊರಬರುವುದನ್ನು ನೋಡಬೇಕು. ನೋಡಲೇಬೇಕಾದ ಇನ್ನೊಂದು ಸಂಗತಿ ಬೀಗ. ವಿಕಲಚೇತನರ ಚಿತ್ರಫಲಕವಿರುವ, ಅಳತೆಯೆಲ್ಲ ಸರಿಯಿರುವ ಅಗಲ ಬಾಗಿಲುಗಳು ಎಷ್ಟೋ ಕಡೆ ಬೀಗ ಹಾಕಿಕೊಂಡು, ಒಳಗೆ ಪೊರಕೆ, ಬಕೆಟ್ಟು, ಮುರಿದ ಕುರ್ಚಿಗಳನ್ನು ತುಂಬಿಕೊಂಡಿರುತ್ತವೆ; ಬೀಗದ ಕೈ ಯಾರ ಬಳಿಯಿದೆ, ಅವರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂಬುದನ್ನೂ ತಪಾಸಣೆಯ ವರದಿಯಲ್ಲಿ ದಾಖಲಿಸಬೇಕು.